ಹನ್ನೆರಡಡಿ ಡಾಕ್ಟ್ರು

ಅಲ್ರಾಯ್ ಡಾಕ್ಟರಲ್ಲ. ಇದು ಅಲ್ರಾಯ್‌ಗೆ ಗೊತ್ತು, ಅವನು ಕೆಲಸ ಮಾಡುವ ಕಾಸರಗೋಡಿನ ಆಸ್ಪತ್ರೆಗೆ ಗೊತ್ತು, ಅವನಿಗೆ ಲೈಸೆನ್ಸ್ ಕೊಟ್ಟ ಕೌನ್ಸಿಲ್‌ಗೂ ಗೊತ್ತು. ಗೊತ್ತಿಲ್ಲದ್ದು ಅವನ ಊರು ಕಾರಡ್ಕದ ಬಸ್ ಸ್ಟಾಪಿನ ಎದುರು ನಿಂತಿದ್ದ ಹನ್ನೆರಡಡಿಯ ಫ್ಲೆಕ್ಸಿಗೆ ಮಾತ್ರ.

ಅವನು ರೆಸ್ಪಿರೇಟರಿ ಥೆರಪಿಸ್ಟ್. ಐಸಿಯುನಲ್ಲಿ ವೆಂಟಿಲೇಟರ್ ನೋಡಿಕೊಳ್ಳುವವನು, ಆಕ್ಸಿಜನ್ ಕೊಡುವವನು, ದಮ್ಮಿನವರಿಗೆ ಉಸಿರಾಡಲು ಹೇಳಿಕೊಡುವವನು. ಊರಿನ ಬಾಯಲ್ಲಿ ‘ಗಾಳಿ ಡಾಕ್ಟ್ರು’. ಬಾಯಲ್ಲಿ ಇದ್ದಷ್ಟು ದಿನ ತೊಂದರೆ ಇರಲಿಲ್ಲ. ಆದರೆ ಮೂರನೇ ಸಲಕ್ಕೆ ಡ್ರೈವಿಂಗ್ ಟೆಸ್ಟ್ ಪಾಸಾದವನಿಗೂ ಫ್ಲೆಕ್ಸ್ ಕಟ್ಟುವ ಊರು ಅದು. ಅಲ್ರಾಯ್ ಐಸಿಯು ಇನ್‌ಚಾರ್ಜ್ ಆದ ಸುದ್ದಿ ಸಿಕ್ಕಿದ್ದೇ ತಡ, ಆರ್ಟ್ಸ್ ಆ್ಯಂಡ್ ಸ್ಪೋರ್ಟ್ಸ್ ಕ್ಲಬ್ಬಿನವರು ‘ನಮ್ಮೂರ ಹೆಮ್ಮೆ ಡಾ. ಅಲ್ರಾಯ್‌ಗೆ ಅಭಿನಂದನೆಗಳು’ ಎಂದು ಕಟ್ಟಿಬಿಟ್ಟರು. ಮೇಲೆ ಅಕ್ಕನ ಮದುವೆಯ ಕೋಟಿನಲ್ಲಿ ಅಲ್ರಾಯ್. ಕೆಳಗೆ ಸಾಲಾಗಿ ಹದಿನಾರು ಕಮಿಟಿ ಮೆಂಬರುಗಳು, ಹದಿನಾರು ಕೂಲಿಂಗ್ ಗ್ಲಾಸು.

“ಮಾಲಿಂಗಣ್ಣ, ನಾನು ಡಾಕ್ಟರಲ್ಲ” ಎಂದು ಅವನು ಆಗಲೇ ಹೇಳಿದ್ದ.

ಕ್ಲಬ್ಬಿನ ಅಧ್ಯಕ್ಷ, ಜೀಪು ಓಡಿಸುವ ಮಹಾಲಿಂಗ ಅವನ ಹೆಗಲು ತಟ್ಟಿದ್ದ. “ಅದು ನಿನ್ನ ವಿನಯ. ದೊಡ್ಡವರೆಲ್ಲ ಹೀಗೇ ಹೇಳುದು. ನೀನು ಟೆನ್ಶನ್ ಮಾಡ್ಬೇಡ ಮಾರಾಯ, ನಾವುಂಟಲ್ಲ!”

ಆರು ತಿಂಗಳ ಮೇಲೆ ರಿಜಿಸ್ಟರ್ಡ್ ಪೋಸ್ಟು ಬಂತು. ಒಳಗೆ ಕೌನ್ಸಿಲಿನ ನೋಟೀಸು, ಜೊತೆಗೆ ಅದೇ ಫ್ಲೆಕ್ಸಿನ ಫೋಟೋ. ಡಾಕ್ಟರಲ್ಲದವರು ಡಾಕ್ಟರೆಂದು ಪ್ರಚಾರ ಪಡೆಯುತ್ತಿರುವುದು ಗಮನಕ್ಕೆ ಬಂದಿದೆ, ಲೈಸೆನ್ಸ್ ರಿನೀವಲ್ ತಡೆಹಿಡಿಯಲಾಗಿದೆ, ಶುಕ್ರವಾರ ಹನ್ನೊಂದು ಗಂಟೆಗೆ ವಿದ್ಯಾನಗರದಲ್ಲಿ ವಿಚಾರಣೆಯ ಸಿಟ್ಟಿಂಗಿಗೆ ಹಾಜರಾಗಬೇಕು. ಆಸ್ಪತ್ರೆಯವರದ್ದು ಇನ್ನೂ ಚಿಕ್ಕ ಡೈಲಾಗು: “ಶನಿವಾರ ರಿನೀವಲ್ ಪೇಪರ್ ಇಲ್ಲದಿದ್ರೆ ವೆಂಟಿಲೇಟರ್ ಮುಟ್ಟುವ ಹಾಗಿಲ್ಲ.”

“ನಿಂಗೆ ಯಾರೋ ಶತ್ರು ಉಂಟು” ಎಂದ ಎಕ್ಸ್‌ರೇ ವಿಭಾಗದ ವಿಜೇತ್, ಒಳಗಿನ ಎಲುಬು ಕಂಡವನ ಹಾಗೆ. “ಹೊರಗೆ ನಗ್ತಾನೆ, ಒಳಗೆ ಕಂಪ್ಲೇಂಟ್ ಬರೀತಾನೆ. ನೋಡಿಕೋ.”

ಅಲ್ರಾಯ್ ರಾತ್ರಿಯಿಡೀ ತನ್ನ ಶತ್ರುಗಳನ್ನು ಎಣಿಸಿದ. ನೆರೆಮನೆಯ ತೆರೆಜಾ ಬಾಯಿಯ ಹುಂಜ ಬಿಟ್ಟರೆ ಬೇರೆ ಯಾರೂ ಸಿಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಆರೂವರೆಗೆ, ಊರು ಏಳುವ ಮೊದಲೇ ಫ್ಲೆಕ್ಸ್ ಇಳಿಸುವ ಯೋಚನೆ ಅವನದ್ದು. ಏಣಿ ತೆರೆಜಾ ಬಾಯಿಯದ್ದು. ಏಣಿ ಕೊಟ್ಟರೆ ಬಾಯಿಯೂ ಜೊತೆಗೆ ಬರುತ್ತಾಳೆ, ಅದು ಫ್ರೀ.

“ನಿನ್ನ ಮುಖ ನೀನೇ ಯಾಕೆ ಇಳಿಸುದು ಪುತಾ?” ಕೆಳಗೆ ಏಣಿ ಹಿಡಿದು ಬಾಯಿ ಕೇಳಿದಳು.

“ಬಾಯಿ, ಮೆಲ್ಲ ಮಾತಾಡಿ. ಇದು ಇಲ್ಲೇ ಇದ್ರೆ ನನ್ನ ಲೈಸೆನ್ಸ್ ಹೋಗ್ತದೆ. ಯಾರಿಗೂ ಹೇಳ್ಬೇಡಿ ಆಯ್ತಾ?”

“ಶ್ಶೆ, ನಾನು ಯಾರಿಗೆ ಹೇಳ್ತೇನೆ?” ಎಂದಳು ಬಾಯಿ. ಅಲ್ರಾಯ್ ಏಣಿಯಿಂದ ಇಳಿದು ಹಗ್ಗ ಸುತ್ತುವುದರೊಳಗೆ ಹಾಲಿನ ಸೊಸೈಟಿಯ ಹತ್ತಿರ ನಿಂತು ಎದೆಗೆ ಕೈಯಿಟ್ಟು ಹೇಳುತ್ತಲೂ ಇದ್ದಳು. ‘ಹೋಗ್ತದೆ’ ಎಂದು ಹೊರಟ ಸುದ್ದಿ ರೇಷನ್ ಅಂಗಡಿ ಮುಟ್ಟುವಾಗ ‘ಹೋಯ್ತಂತೆ’ ಆಗಿತ್ತು. ಕ್ಲಬ್ಬಿನ ಕ್ಯಾರಂ ಬೋರ್ಡ್ ಮುಟ್ಟುವಾಗ ಸುದ್ದಿಯೊಳಗೆ ಇಬ್ಬರು ಪೊಲೀಸರೂ ಸೇರಿಕೊಂಡಿದ್ದರು.

ಅಲ್ರಾಯ್‌ಗೆ ಇದೊಂದೂ ಗೊತ್ತಿಲ್ಲ. ಇಳಿಸಿದ್ದಕ್ಕೆ ಸಾಕ್ಷಿ ಬೇಕಲ್ಲ ಎಂದು ಅವನು ಫ್ಲೆಕ್ಸನ್ನೇ ಸುರುಳಿ ಸುತ್ತಿಕೊಂಡು ಬಸ್ ಹತ್ತಿದ. ಬಸ್ಸಿನ ಒಳಗೆ ಫ್ಲೆಕ್ಸು, ಬಾಳೆಗೊನೆ ಹಿಡಿದವನಿಗಿಂತ ದೊಡ್ಡ ತೊಂದರೆ. ತಿರುವಿನಲ್ಲಿ ಹಗ್ಗ ಬಿಚ್ಚಿತು. ಹನ್ನೆರಡಡಿ ಅಲ್ರಾಯ್ ಸ್ಲೋ ಮೋಷನ್‌ನಲ್ಲಿ ಸೀಟುಗಳ ಮೇಲೆಲ್ಲ ಹಾಸಿಕೊಂಡ. ಕಂಡಕ್ಟರ್ ಫೋಟೋ ನೋಡಿದ, ಇವನನ್ನು ನೋಡಿದ.

“ಓ ಡಾಕ್ಟ್ರು! ಸರ್, ನಂಗೊಂದು ಸೊಂಟ ನೋವು ಉಂಟು...”

“ನಾನು ಡಾಕ್ಟರಲ್ಲ!”

“ಹಾಗಾದ್ರೆ ಇದು ಯಾರು?”

ಇಡೀ ಬಸ್ಸು ಉತ್ತರಕ್ಕೆ ಕಾಯಿತು. ಅಲ್ರಾಯ್ ತನ್ನ ಮೂಗನ್ನು ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡು ಇಳಿದುಬಿಟ್ಟ. ವಿದ್ಯಾನಗರಕ್ಕೆ ಇನ್ನೂ ಎರಡು ಸ್ಟಾಪ್ ಇತ್ತು.

ಸಿಟ್ಟಿಂಗಿಗೆ ತಿರುವನಂತಪುರದಿಂದ ಬಂದಿದ್ದ ಅಧಿಕಾರಿ ಕೇಶವಪ್ರಸಾದ ಮೂಲತಃ ಇದೇ ಸೀಮೆಯವರು. ಮಾತು ಕಡಿಮೆ, ಉಸಿರು ಅದಕ್ಕಿಂತ ಕಡಿಮೆ. ಎರಡು ಫೈಲಿಗೆ ಒಂದು ಸಲ ಕಿಸೆಯಿಂದ ಇನ್ಹೇಲರ್ ತೆಗೆದು, ಬಾಯಿ ಅಗಲಿಸಿ, ಸೆಂಟು ಹೊಡೆದುಕೊಳ್ಳುವವರ ಹಾಗೆ ದೂರದಿಂದಲೇ ‘ಚುಸ್ಸ್’ ಎನ್ನಿಸುತ್ತಿದ್ದರು. ಮದ್ದು ಅರ್ಧ ಮೀಸೆಗೆ, ಅರ್ಧ ಫ್ಯಾನಿಗೆ. ಅಲ್ರಾಯ್‌ನ ಕೈ ತುರಿಸಿತು. ಡಾಕ್ಟರ್ ಚೇಷ್ಟೆ ಮಾಡಿದ ಆರೋಪದ ಮೇಲೆ ಬಂದವನು ಇಲ್ಲಿಯೇ ಚಿಕಿತ್ಸೆ ಶುರು ಮಾಡಿದರೆ ಹೇಗೆ? ಅವನು ಕೈಯನ್ನು ತೊಡೆಯ ಕೆಳಗೆ ಇಟ್ಟು ಕೂತ.

“ಸರ್, ಫ್ಲೆಕ್ಸ್ ಇಳಿಸಿ ಆಯ್ತು. ನೋಡಿ, ಇಲ್ಲೇ ಉಂಟು.”

“ಇದು ಇಲ್ಲಿ ಉಂಟು ಅಂದ್ರೆ ಅಲ್ಲಿ ಇನ್ನೊಂದು ಇಲ್ಲ ಅಂತ ಎಂತ ಗ್ಯಾರಂಟಿ?”

“ಇಲ್ಲ ಸರ್, ಸತ್ಯ. ನಾನು ಕಟ್ಟಿಸಿದ್ದೇ ಅಲ್ಲ. ನಂಗೆ ಆಗದವರು ಯಾರೋ ಕಂಪ್ಲೇಂಟ್ ಕೊಟ್ಟದ್ದು.”

“ಕಂಪ್ಲೇಂಟ್?” ಅಧಿಕಾರಿ ಫೈಲ್ ತಿರುಗಿಸಿ ಇಟ್ಟರು. “ಇದು ಕಂಪ್ಲೇಂಟ್ ಅಲ್ಲ ಮಾರಾಯ್ರೇ, ನಿವೇದನ. ನಿಮ್ಮ ಊರವರದ್ದೇ ಮನವಿ. ‘ನಮ್ಮ ಡಾ. ಅಲ್ರಾಯ್ ಅವರನ್ನು ನಮ್ಮೂರ ಸರ್ಕಾರಿ ಆಸ್ಪತ್ರೆಗೇ ಹಾಕಿ ಕೊಡಬೇಕು.’ ನೂರ ಹನ್ನೆರಡು ಸೈನು. ಪುರಾವೆಗೆ ಫ್ಲೆಕ್ಸಿನ ಫೋಟೋ. ಆರೋಗ್ಯ ಇಲಾಖೆಗೆ ಕೊಟ್ಟಿದ್ರಂತೆ, ಅವ್ರು ಲಿಸ್ಟಿನಲ್ಲಿ ಹುಡುಕಿ ಇಂಥ ಡಾಕ್ಟರ್ ಇಲ್ಲ ಅಂತ ನಮಗೆ ಕಳಿಸಿದ್ರು.”

ಮೊದಲ ಸೈನು ಮಹಾಲಿಂಗನದ್ದು. ಎರಡನೆಯದು ತೆರೆಜಾ ಬಾಯಿಯದ್ದು. ನೂರ ಹನ್ನೆರಡನೆಯದು, ಯಾವುದೋ ಫಾರ್ಮು ಎಂದು ನೋಡದೆ ಹಾಕಿದ ಅಲ್ರಾಯ್‌ನ ಅಪ್ಪ ಸಾಲ್ವದೊರ್‌ರದ್ದು.

ಅಲ್ರಾಯ್‌ಗೆ ಬಾಯಿಯ ಹುಂಜವೇ ವಾಸಿ ಎನ್ನಿಸಿತು.

ಅಧಿಕಾರಿಗೂ ಸ್ವಲ್ಪ ಕನಿಕರ ಹುಟ್ಟಿತು. ರಿನೀವಲ್ ಪೇಪರನ್ನು ಕಿಸೆಗೆ ಸೇರಿಸಿದರು. “ನೋಡಿ, ನಾನು ಸಂಜೆ ಬೆಳ್ಳೂರಿಗೆ ಹೋಗುವವ, ತಂಗಿ ಮನೆಗೆ. ನಿಮ್ಮ ಕಾರಡ್ಕ ದಾಟಿಯೇ ಹೋಗ್ಬೇಕು. ಐದು ಗಂಟೆಗೆ ಬಸ್ ಸ್ಟಾಪಿನ ಹತ್ರ ನಿಲ್ಲಿ. ನಿಮ್ಮ ಹೆಸರಿನ ಜೊತೆ ‘ಡಾಕ್ಟರ್’ ಅಂತ ಎಲ್ಲಿಯೂ ನನ್ನ ಕಣ್ಣಿಗೆ ಬೀಳದಿದ್ರೆ ಅಲ್ಲೇ ಸೈನ್ ಹಾಕಿ ಕೊಡ್ತೇನೆ. ಬಿದ್ರೆ ಮತ್ತೆ ನನ್ನನ್ನು ಕೇಳ್ಬೇಡಿ.”

ಅಲ್ರಾಯ್ ಊರಿಗೆ ಹೊರಟದ್ದು ಇಂಟರ್‌ವಲ್ ನಂತರದ ಹೀರೋನ ಹಾಗೆ. ತಲೆಯೊಳಗೆ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ಕೂ ಇತ್ತು. ಆದರೆ ಕಾರಡ್ಕ ಹತ್ತಿರ ಬಂದಂತೆ ಆ ಮ್ಯೂಸಿಕ್ ಹೊರಗಿನಿಂದಲೇ ಕೇಳತೊಡಗಿತು. ಚೆಂಡೆ.

ಬಸ್ ಸ್ಟಾಪಿನ ಎದುರು ರಸ್ತೆಯೇ ಕಾಣುತ್ತಿರಲಿಲ್ಲ. ಹಳೆಯ ಫ್ಲೆಕ್ಸ್ ಇದ್ದ ಜಾಗದಲ್ಲಿ ಹೊಸದು, ಹದಿನಾರಡಿ. ಕೋಟು ಅದೇ, ಮುಖ ಅದೇ. ‘ಡಾ. ಅಲ್ರಾಯ್‌ಗೆ ನ್ಯಾಯ ಸಿಗಲಿ! – ಆಕ್ಷನ್ ಕಮಿಟಿ, ಕಾರಡ್ಕ.’ ಕೆಳಗಿನ ಹದಿನಾರು ಮಂದಿ ಶೋಕಸೂಚಕವಾಗಿ ಕೂಲಿಂಗ್ ಗ್ಲಾಸ್ ತೆಗೆದಿದ್ದರು.

“ಬಂದ ನೋಡಿ ನಮ್ಮ ಹುಲಿ!” ಮಹಾಲಿಂಗ ಮೈಕಿನಲ್ಲಿ ಗರ್ಜಿಸಿದ. “ಈ ಊರಲ್ಲಿ ಫ್ಲೆಕ್ಸ್ ಕಟ್ಟುವ ಕೈ ಮಾತ್ರ ಹುಟ್ಟುದು! ಬಿಚ್ಚಿಸುವ ಕೈ ಇನ್ನೂ ಹುಟ್ಟಿಲ್ಲ!”

“ಮಾಲಿಂಗಣ್ಣ, ದಮ್ಮಯ್ಯ, ಬಿಚ್ಚಿದ್ದು ನಾನೇ! ಐದು ಗಂಟೆಗೆ ಆಫೀಸರ್ ಬರ್ತಾರೆ, ಅದರೊಳಗೆ ಇದನ್ನು ಇಳಿಸಿ!”

“ಕೇಳಿದ್ರಾ ಬಂಧುಗಳೇ? ಹುಡುಗನನ್ನು ಎಷ್ಟು ಹೆದರಿಸಿದ್ದಾರೆ! ಆಫೀಸರ್ ಬರ್ಲಿ! ಘೇರಾವ್ ಮಾಡುವ!”

ಯಾರೋ ಹಾರ ಹಾಕಿದರು. ಯಾರೋ ಕಾಲು ಹಿಡಿದರು. ಕಣ್ಣು ಬಿಡುವಾಗ ಅಲ್ರಾಯ್ ಇಬ್ಬರು ಕಬಡ್ಡಿ ಆಟಗಾರರ ಹೆಗಲ ಮೇಲಿದ್ದ. “ಡಾಕ್ಟ್ರು ಅಲ್ರಾಯ್ ಜಿಂದಾಬಾದ್!” ತೆರೆಜಾ ಬಾಯಿ ಹತ್ತು ಸಾವಿರದ ಮಾಲೆ ಪಟಾಕಿಗೆ ಸ್ವತಃ ಬೆಂಕಿ ಕೊಟ್ಟಳು.

ಸರಿಯಾಗಿ ಐದಕ್ಕೆ ಆ ಹೊಗೆಯ ಮಧ್ಯದಿಂದ ಒಂದು ಬಿಳಿ ಕಾರು ಹೊರಗೆ ಬಂತು. ಗಾಜು ಇಳಿಯಿತು. ಕೇಶವಪ್ರಸಾದರು ಫ್ಲೆಕ್ಸ್ ನೋಡಿದರು. ಹಾರ ನೋಡಿದರು. ಹೆಗಲ ಮೇಲೆ ದೇವರ ಹಾಗೆ ಕೂತಿದ್ದ ಅಲ್ರಾಯ್‌ನನ್ನು ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಪಟಾಕಿಯ ಹೊಗೆ ಮೊದಲು ಒಳಗೆ ಹೋಯಿತು.

ಅವರ ಎದೆ ಹಳೆಯ ಹಾರ್ಮೋನಿಯಂ ಹಾಗೆ ಕುಯ್ಯೆಂದಿತು. ಕಿಸೆ ತಡಕಾಡಿ ಇನ್ಹೇಲರ್ ತೆಗೆದರು. ಚುಸ್ಸ್, ಮೀಸೆಗೆ. ಚುಸ್ಸ್, ಸ್ಟಿಯರಿಂಗಿಗೆ. ತುಟಿ ನೀಲಿಯಾಗತೊಡಗಿತು.

ಇನ್ನು ಅಲ್ರಾಯ್‌ನಿಂದ ಆಗಲಿಲ್ಲ. ಲೈಸೆನ್ಸ್ ಹಾಳಾಗಿ ಹೋಗಲಿ! ಹೆಗಲಿನಿಂದ ಹಾರಿ, ಹಾರ ಕಿತ್ತು ಎಸೆದು, ಕಾರಿನ ಬಾಗಿಲು ತೆರೆದ.

“ಎಲ್ರೂ ದೂರ ಹೋಗಿ, ಗಾಳಿ ಬಿಡಿ! ಸರ್, ನೆಟ್ಟಗೆ ಕೂರಿ. ನಿಮ್ಮ ಮದ್ದೇ ಸಾಕು. ಮೊದ್ಲು ಉಸಿರು ಪೂರ್ತಿ ಹೊರಗೆ ಬಿಡಿ. ಹಾಂ. ಈಗ ಇದನ್ನು ತುಟಿಯಲ್ಲಿ ಬಿಗಿ ಹಿಡೀರಿ. ನಾನು ಒತ್ತುವಾಗ ಮೆಲ್ಲ ಎಳೀರಿ... ಎಳೀರಿ... ಹಿಡೀರಿ. ಹತ್ತು ಎಣಿಸುವವರೆಗೆ ಬಿಡ್ಬೇಡಿ.”

“ಒಂದು! ಎರಡು!” ಇಡೀ ಆಕ್ಷನ್ ಕಮಿಟಿ ಚೆಂಡೆಯೊಂದಿಗೆ ಎಣಿಸಿತು.

ಹೀಗೆ ನಾಲ್ಕು ಸಲ. ಹತ್ತು ನಿಮಿಷದಲ್ಲಿ ಹಾರ್ಮೋನಿಯಂ ನಿಂತಿತು. ಕೇಶವಪ್ರಸಾದರು ದಮ್ಮು ಹಿಡಿದ ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಎದೆ ತುಂಬ ಉಸಿರು ಎಳೆದುಕೊಂಡರು. ಕಣ್ಣು ಒದ್ದೆಯಾಗಿತ್ತು. ಅಲ್ರಾಯ್‌ನ ಕೈ ಹಿಡಿದುಕೊಂಡು, ಯೋಚಿಸದೆ ಅಂದರು: “ತುಂಬ ಥ್ಯಾಂಕ್ಸ್ ಡಾಕ್ಟ್ರೇ.”

ಮಹಾಲಿಂಗನ ಮೈಕು ಆಗ ಸರಿಯಾಗಿ ಅವರ ಬಾಯಿಯ ಹತ್ತಿರವೇ ಇತ್ತು.

ಊರು ಎದ್ದು ಕುಣಿಯಿತು. ಅಲ್ರಾಯ್ ಗದ್ದಲದ ನಡುವೆ ಮೆಲ್ಲ ಕೇಳಿದ. “ಸರ್... ಆ ಸೈನು?”

ಕೇಶವಪ್ರಸಾದರು ಕಿಸೆಯಿಂದ ಪೇಪರ್ ತೆಗೆದರು. ಪೆನ್ನೂ ತೆಗೆದರು. ಸ್ವಲ್ಪ ಹೊತ್ತು ಎರಡನ್ನೂ ನೋಡಿ, ಎರಡನ್ನೂ ಒಳಗಿಟ್ಟರು.

“ನಂಗೆ ಮನಸ್ಸು ಉಂಟು. ಆದ್ರೆ ಈಗ ನಾನು ನಿಮ್ಮ ಪೇಶೆಂಟ್ ಆದೆ. ಪೇಶೆಂಟ್ ಆದವ ತನಗೆ ಮದ್ದು ಕೊಟ್ಟವರ ಫೈಲಿಗೆ ಸೈನ್ ಹಾಕ್ಲಿಕ್ಕೆ ರೂಲ್ ಇಲ್ಲ. ಫೈಲ್ ಬೇರೆ ಆಫೀಸರ್‌ಗೆ ಹೋಗ್ಬೇಕು. ಅವ್ರ ಸಿಟ್ಟಿಂಗ್ ಇನ್ನು ಮೂರು ತಿಂಗಳಿಗೆ.” ಕಾರು ಸ್ಟಾರ್ಟ್ ಮಾಡಿ, ದನಿ ತಗ್ಗಿಸಿದರು. “ಆ ಎಣಿಸುದು ಎಷ್ಟರವರೆಗೆ ಹೇಳಿದ್ದು? ಹತ್ತಾ?”

ಬಿಳಿ ಕಾರು ಬೆಳ್ಳೂರಿನ ಕಡೆಗೆ ಆರಾಮವಾಗಿ ಉಸಿರಾಡುತ್ತ ಹೋಯಿತು. ಅಲ್ರಾಯ್ ಬಸ್ ಸ್ಟಾಪಿನ ಕಟ್ಟೆಯ ಮೇಲೆ ಕುಸಿದ. ಮಹಾಲಿಂಗ ಪಕ್ಕದಲ್ಲಿ ಕೂತು ಹೆಗಲ ಮೇಲೆ ಕೈ ಹಾಕಿದ. ಇನ್ನೊಂದು ಕೈಯಲ್ಲಿ ಹೊಸ ಬಿಳಿ ಹಾಳೆ, ಪೆನ್ನು.

“ನೀನು ಟೆನ್ಶನ್ ಮಾಡ್ಬೇಡ ಮಾರಾಯ, ನಾವುಂಟಲ್ಲ! ಆ ಹೊಸ ಆಫೀಸರ್‌ಗೆ ಒಂದು ನಿವೇದನ ಬರೆಯುವ. ಬಾಯಿ, ಬನ್ನಿ, ಸೈನ್ ಹಾಕಿ.”