ಎಂಬತ್ತೇಳು ಕೆಂಪು ಗೆರೆಗಳು

ಮುಂದಿನ ಬಂಪರಿನ ಎಡತುದಿಯ ನಟ್ಟು ಎರಡೂವರೆ ಸುತ್ತು ಸಡಿಲವಾಗಿತ್ತು. ಬೆರಳಿನಿಂದ ತಿರುಗಿಸಿ ಎಣಿಸಿದ್ದೇನೆ. ಇಂಥದ್ದನ್ನು ಎಣಿಸುವವರು ಒಂದೋ ಮೆಕ್ಯಾನಿಕ್ ಆಗಿರುತ್ತಾರೆ, ಇಲ್ಲವೇ ಮನೆಯಲ್ಲಿ ಯಾರೊಂದಿಗೂ ಹೆಚ್ಚು ಮಾತಾಡದವರಾಗಿರುತ್ತಾರೆ. ನಾನು ಎರಡನೆಯ ಗುಂಪಿನವಳು. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಈಗ ತಿರ್ಲಾಪುರದ ಮನೆಯಲ್ಲಿ ಕೂತು ಸಂಶೋಧನಾ ಪ್ರಬಂಧ ಬರೆಯುತ್ತಿದ್ದೇನೆ. ಬರೆಯುತ್ತಿದ್ದೇನೆ ಎಂದು ಮನೆಯವರು ನಂಬಿದ್ದಾರೆ.

ನಮ್ಮ ಶೆಡ್ಡಿನಲ್ಲಿ ಅಜ್ಜ ಕೊಂಡ ಹಳೆಯ ವಿದೇಶಿ ಕಾರಿದೆ. ಉದ್ದ ಮೂತಿ, ಚರ್ಮದ ಸೀಟು, ಮರದ ಡ್ಯಾಶ್‌ಬೋರ್ಡು. ಅದನ್ನು ಮಾಡಿದವರು ನುಣುಪು ರಸ್ತೆಗಳ ದೇಶದವರು. ನಮ್ಮದೋ ಎರೆಮಣ್ಣಿನ ಸೀಮೆ. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಈ ನೆಲದ ಮೇಲೆ ಯಾವ ಡಾಂಬರೂ ಹೆಚ್ಚು ದಿನ ಸಪಾಟಾಗಿ ಮಲಗುವುದಿಲ್ಲ. ಹಾಗಾಗಿ ಕಾರು ಊರು ದಾಟಿದಾಗಲೆಲ್ಲ ಏನಾದರೊಂದನ್ನು ದಾನ ಮಾಡಿಯೇ ಬರುತ್ತಿತ್ತು. ಒಮ್ಮೆ ಕಳೆದ ಚಕ್ರದ ಮುಚ್ಚಳ ಈಗ ಅಣ್ಣಿಗೇರಿ ದಾರಿಯ ಹೊಲವೊಂದರಲ್ಲಿ ಕೋಳಿಗಳಿಗೆ ನೀರಿಡುವ ತಟ್ಟೆಯಾಗಿದೆ. ಸಂಬಂಧಿಕರ ಮದುವೆ ಮೆರವಣಿಗೆಯಲ್ಲಿ ಸೈಲೆನ್ಸರ್ ಕಳಚಿ ಬಿದ್ದಾಗ ಬ್ಯಾಂಡಿನವರು ತಮ್ಮದೇ ಡೋಲು ಬಿತ್ತೆಂದು ತಿರುಗಿ ನೋಡಿದ್ದರು.

ಅಕ್ಕನ ಮಗುವಿಗಾಗಿ ಕಲಘಟಗಿಯಲ್ಲಿ ಬಣ್ಣದ ತೊಟ್ಟಿಲು ಮಾಡಿಸಿದ್ದೆವು. ಅದನ್ನು ಅಜ್ಜನ ಕಾರಿನಲ್ಲೇ ತರಬೇಕೆಂದು ಅಪ್ಪ ಹಟ ಹಿಡಿದ. ಶೆಡ್ಡಿನಲ್ಲಿ ಎಮ್ಮೆ ಕಟ್ಟುವ ಆಸೆ ಇಟ್ಟುಕೊಂಡಿದ್ದ ಅವ್ವ ಸುಮ್ಮನೆ ಬಿಡಲಿಲ್ಲ.

"ಹೋಗ್ರಿ. ಆದ್ರ ಈ ಸಲ ಒಂದು ಸಾಮಾನು ಬಿತ್ತಂದ್ರೂ ಗಾಡಿ ಮಾರಬೇಕು. ಹುಬ್ಬಳ್ಳಿಯಾಂವ ಒಬ್ಬ ತನ್ನ ಹೋಟೆಲ್ ಮುಂದ ಶೋಕಿಗೆ ನಿಲ್ಲಸಾಕ ಕೇಳಾಕತ್ತಾನ."

"ಆತು, ಮಾರೂಣು," ಎಂದುಬಿಟ್ಟ ಅಪ್ಪ, ಮಾತಿನ ಭರದಲ್ಲಿ.

ಇಬ್ಬರಿಗೂ ಗೊತ್ತಿಲ್ಲದ ಸಂಗತಿಯೊಂದಿತ್ತು. ನಮ್ಮ ಮನೆಯ ಕೋಣೆಗಳಿಗೆಲ್ಲ ಬಾಗಿಲುಗಳಿವೆ, ಆದರೆ ಅವನ್ನು ಹಾಕಿಕೊಂಡರೆ "ಯಾಕ, ಏನಾತು?" ಎಂದು ಮೂವರು ಬಡಿಯುತ್ತಾರೆ. ಒಳಗಿನಿಂದ ಚಿಲಕ ಹಾಕಿಕೊಂಡು ನೆಮ್ಮದಿಯಾಗಿ ಕೂರಬಹುದಾದ ಒಂದೇ ಜಾಗವೆಂದರೆ ಆ ಕಾರಿನ ಹಿಂದಿನ ಸೀಟು. ಪ್ರಬಂಧದ ಮೂರು ಅಧ್ಯಾಯಗಳು ಅಲ್ಲೇ ಹುಟ್ಟಿವೆ. ಕಾರು ಹೋದರೆ ನನ್ನ ಕೋಣೆಯೇ ಹೋದಂತೆ.

ಹೀಗಾಗಿ ನಾಲ್ಕು ದಿನ ಕಾರಿನಡಿ ಮಲಗಿದೆ. ಪ್ರತಿ ನಟ್ಟನ್ನೂ ಬಿಚ್ಚಿ ಸ್ಪ್ರಿಂಗ್ ವಾಷರ್ ಹಾಕಿ, ಬೋಲ್ಟಿನ ಎಳೆಗಳಿಗೆ ಅಂಟುದ್ರವ ಸವರಿ, ಹದವಾಗಿ ಬಿಗಿದೆ. ಕೊನೆಗೆ ನಟ್ಟಿನಿಂದ ಕಾರಿನ ಮೈಗೆ ಹಾಯುವಂತೆ ಉಗುರುಬಣ್ಣದ ಒಂದೊಂದು ಕೆಂಪು ಗೆರೆ ಎಳೆದೆ. ನಟ್ಟು ಕದಲಿದರೆ ಗೆರೆ ಮುರಿಯುತ್ತದೆ, ಕಣ್ಣಿಗೆ ಬೀಳುತ್ತದೆ. ಒಟ್ಟು ಎಂಬತ್ತೇಳು ಗೆರೆ. ನವಲಗುಂದದಿಂದ ಉಗುರುಬಣ್ಣ ತಂದದ್ದನ್ನು ನೋಡಿ ಅವ್ವ "ಅಂತೂ ಚಂದಾಗಿರೂದು ಕಲತಿ" ಎಂದು ಸಂತೋಷಪಟ್ಟಳು. ಸಂತೋಷಪಡುವವರನ್ನು ತಿದ್ದುವುದು ನನ್ನ ಸ್ವಭಾವವಲ್ಲ.

ಆದರೆ ನಾನು ಊರಿನ ವಾಡಿಕೆಯೊಂದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ದೂರ ಹೊರಟ ಬಂಡಿಗೆ ಓಣಿಯ ಹಿರಿಯರು ಕೈಹಚ್ಚಿ, ಕೀಲು, ಹಗ್ಗಗಳನ್ನು ತಾವೊಮ್ಮೆ ಬಿಗಿದು ಕಳಿಸಬೇಕು. ಬಂಡಿಗಳು ಕಡಿಮೆಯಾದವು, ಆ ಕೈಗಳು ಹಾಗೆಯೇ ಉಳಿದವು. ಹೊರಡುವ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ, ಟ್ರ್ಯಾಕ್ಟರ್ ಓಡಿಸಿ ಹೆಸರಾದ ನಮ್ಮ ಕಾಕಾನ ಮುಂದಾಳತ್ವದಲ್ಲಿ ಐದು ಜನ ನಟ್ಟು ತಿರುಗಿಸುವ ಪಾನಾ ಹಿಡಿದು ಕಾರನ್ನು ಸುತ್ತುವರಿದಿದ್ದರು.

"ಏನ್ ಮಾಡಾಕತ್ತೀರಿ ಕಾಕಾ?"

"ಏನಿಲ್ಲವಾ. ಎಲ್ಲಾ ನಟ್ಟು ಒಂದೊಂದು ಸುತ್ತು ಬಿಗಿ ಮಾಡೇವಿ. ಯಾರೋ ಕೆಂಪು ಬಣ್ಣ ಸಿಡಿಸಿದ್ರು, ಅದನ್ನೂ ಕೆರದು ತಗದೇವಿ. ಈಗ ನೋಡು, ಅಗದಿ ಸ್ವಚ್ಛ."

ಒಣಗಿದ ಅಂಟನ್ನು ತಿರುಗಿಸಿದರೆ ಅದರ ಹಿಡಿತ ಮುರಿಯುತ್ತದೆ. ಎಂಬತ್ತೇಳು ನಟ್ಟುಗಳು ಈಗ ಊರಿನ ಪ್ರೀತಿಯ ಮೇಲೆ ನಿಂತಿದ್ದವು. ಪ್ರೀತಿ ಹೆಚ್ಚಾಗಿ ನಂಬರ್ ಪ್ಲೇಟಿನ ಒಂದು ಬೋಲ್ಟು ತುಂಡಾಗಿಯೂ ಇತ್ತು. ಆ ಪ್ಲೇಟನ್ನು ಕಾಕಾ ಹತ್ತಿಯ ಹುರಿಯಿಂದ ಕಟ್ಟಿದ್ದ. ನಾನು "ಚಲೋ ಆತ್ರಿ" ಎಂದೆ. ಕೋಪ ಬಂದಾಗ ನಾನು ಆಡುವ ಅತಿ ಕಟುವಾದ ಮಾತು ಅದೇ.

ಹೋಗುವಾಗ ಏನೂ ಬೀಳಲಿಲ್ಲ. ಅವ್ವ ಮುಂದೆ ಕೂತು ಕಿವಿಗೊಟ್ಟಿದ್ದಳು, ನಾನು ಹಿಂದೆ ಕೂತು ಉಸಿರು ಹಿಡಿದಿದ್ದೆ. ಬಿಡಿಬಿಡಿಯಾಗಿ ಬಿಚ್ಚಿದ ತೊಟ್ಟಿಲನ್ನು ಡಿಕ್ಕಿಯಲ್ಲಿ ತುಂಬಿದೆವು. ಡಿಕ್ಕಿಯ ಮುಚ್ಚಳ ಕೂಡಲಿಲ್ಲ, ಹಗ್ಗ ಬಿಗಿದೆವು. ಮರಳುವಾಗ ಹುಬ್ಬಳ್ಳಿ ದಾಟುತ್ತಲೇ ಹಿಂದಿನಿಂದ 'ಟಪ್' ಎಂದಿತು.

"ಬಿತ್ತು," ಎಂದಳು ಅವ್ವ, ತಣ್ಣಗೆ.

ಅಪ್ಪ ಗಾಡಿ ನಿಲ್ಲಿಸಿದ. ನಾನು ರಸ್ತೆಯಲ್ಲಿ ಹಿಂದಕ್ಕೆ ನಡೆದೆ. ನಟ್ಟು ಕಂಡರೆ ಚಪ್ಪಲಿಯಡಿ ಮುಚ್ಚಿಬಿಡೋಣ ಎಂಬ ಯೋಚನೆ ಬಂದಿತ್ತು. ಓದಿದವಳಿಗೆ ಒಪ್ಪುವಂಥದ್ದಲ್ಲ, ಆದರೂ ಬಂದಿತ್ತು. ಸಿಕ್ಕಿದ್ದು ತೊಟ್ಟಿಲಿನ ಒಂದು ಮರದ ಕಡ್ಡಿ.

"ಇದು ಗಾಡೀದಲ್ಲ," ಎಂದ ಅಪ್ಪ.

"ಗಾಡ್ಯಾಗಿಂದ ಬಿದ್ದೈತಿ."

"ನೀ ಬಿದ್ರ ನಿನ್ನೂ ಗಾಡಿ ಸಾಮಾನು ಅನ್ನಬೇಕೇನ?"

ಅವ್ವ ನಕ್ಕುಬಿಟ್ಟಳು. ನಕ್ಕ ಮೇಲೆ ತಕರಾರು ಮುಂದುವರಿಸುವುದು ಅವಳಿಗೆ ಸಾಧ್ಯವಿಲ್ಲ. ಕಾರು ಉಳಿಯಿತು.

ಆದರೆ ಕೈಹಚ್ಚಿದವರಿಗೆ ಆ ಬಂಡಿಯಲ್ಲಿ ಕೂರುವ ಹಕ್ಕೂ ಇರುತ್ತದೆಂಬುದು ವಾಡಿಕೆಯ ಉಳಿದರ್ಧ. ಕಾರು ಗಟ್ಟಿಯಾಯಿತೆಂಬ ಸುದ್ದಿ ಹಬ್ಬಿ, ಸಂಜೆಯೊಳಗೆ ಐದೂ ಜನ ಬಂದರು. ಒಬ್ಬರಿಗೆ ಅಣ್ಣಿಗೇರಿಯಲ್ಲಿ ಹಲ್ಲು ತೆಗೆಸಬೇಕು, ಒಬ್ಬರಿಗೆ ಕುಂದಗೋಳದಲ್ಲಿ ಬೀಗರನ್ನು ಕಾಣಬೇಕು. ಅಪ್ಪ ಉಬ್ಬಿ ಎಲ್ಲರಿಗೂ "ಬರ್ರಿ" ಎಂದ. ಇಡೀ ವಾರ ಕಾರು ಹಗಲೆಲ್ಲ ಹೊರಗೇ ಇರುವುದಾಯಿತು. ಹಗಲೆಲ್ಲ ಖಾಲಿ ಬೀಳುವ ಶೆಡ್ಡಿಗೆ ಅವ್ವ ಆಗಲೇ ಎಮ್ಮೆಯ ಗೂಟ ಹೊಡೆಸಿದ್ದಳು. ಕಾರನ್ನು ನಾನು ಉಳಿಸಿದ್ದು ಎಷ್ಟು ಚೆನ್ನಾಗಿತ್ತೆಂದರೆ, ಅದರಲ್ಲಿ ನನಗೊಬ್ಬಳಿಗೇ ಜಾಗವಿರಲಿಲ್ಲ.

ಗಾಡಿಯಲ್ಲಿ ಗೊತ್ತಿಲ್ಲದ ಸದ್ದು ಕೇಳಿದರೆ ಅಪ್ಪ ಅದರ ಮೂಲ ಸಿಗುವವರೆಗೆ ಕಾರನ್ನು ಶೆಡ್ಡಿನಿಂದ ಕದಲಿಸುವುದಿಲ್ಲ. ಮರುದಿನ ಬೆಳಿಗ್ಗೆ, ಹಲ್ಲುನೋವಿನ ಹಿರಿಯರು ಬರುವ ಮುನ್ನ, ನಾನು ಸ್ಕ್ರೂಡ್ರೈವರ್ ಹಿಡಿದು ಹೋಗಿ, ಯಾರ ಪ್ರಾಣಕ್ಕೂ ಸಂಬಂಧವಿಲ್ಲದ, ಹಿಂದಿನ ಸೀಟಿನ ಸಿಗರೇಟು ಬೂದಿತಟ್ಟೆಯ ಎರಡು ತಿರುಪುಗಳನ್ನು ಮುಕ್ಕಾಲು ಸುತ್ತು ಸಡಿಲಿಸಿ ಬಂದೆ.