ಸೂರ್ಯನಿಗೆ ಮಾತಿಲ್ಲ

ಬಿಸಿಲಿನ ಬಗ್ಗೆ ಅಧಿಕಾರವಾಣಿಯಿಂದ ಮಾತಾಡಬೇಕಾದರೆ ನೆರಳಿನಲ್ಲಿ ಕೂತಿರಬೇಕು. ಬಿಸಿಲಿನಲ್ಲಿ ನಿಂತವರಿಗೆ ಅಷ್ಟು ವ್ಯವಧಾನ ಇರುವುದಿಲ್ಲ. ನಾನು ಮಳವಳ್ಳಿ ಕಡೆಯ ಹೈಸ್ಕೂಲೊಂದರಲ್ಲಿ ಭೂಗೋಳ ಹೇಳಿ ನಿವೃತ್ತನಾದವನು. ತೆಂಗಿನಕಾಯಿಯನ್ನು ಸೂರ್ಯನೆಂದೂ ನಿಂಬೆಹಣ್ಣನ್ನು ಭೂಮಿಯೆಂದೂ ತಿರುಗಿಸಿ ತೋರಿಸುತ್ತ ಒಂದು ಆಯುಷ್ಯ ಕಳೆದಿದ್ದೇನೆ. ಹೀಗಾಗಿ ಹವಾಮಾನ ಬದಲಾವಣೆ ಎಂಬುದು ನಮ್ಮೂರಿಗೆ ಬಂದರೆ ಮೊದಲು ನಮ್ಮ ಮನೆಯ ಬಾಗಿಲನ್ನೇ ತಟ್ಟುತ್ತದೆ ಎಂದುಕೊಂಡಿದ್ದೆ. ತಟ್ಟಿತು, ನಿಜ. ಆದರೆ ಕೇಳಿದ್ದು ನನ್ನ ಹೆಂಡತಿಯನ್ನು.

ನನ್ನ ಹೆಂಡತಿ ಪ್ರೇಮ ಊರಿನ ಮಹಿಳಾ ಸಂಘದ ಅಧ್ಯಕ್ಷೆ. ಕುಂದಾಪುರದ ಕಡೆಯ ಮೀನುಗಾರ ಹೆಂಗಸರ ತಂಡವೊಂದನ್ನು ಅವಳು ಕರೆಸಿದ್ದಳು. ಅವರ ಊರಿನಲ್ಲಿ ಕಡಲು ವರ್ಷವರ್ಷವೂ ದಡ ತಿನ್ನುತ್ತಿದೆಯಂತೆ. ಹೇಳಿಕೊಂಡರೆ ಯಾರೂ ಕೇಳದ್ದರಿಂದ ಹಾಡು ಕಟ್ಟಿ, ನಾಟಕ ಆಡಿ ಹೇಳತೊಡಗಿದರಂತೆ. ಈಗ ಊರೂರಿಗೆ ಹೋಗಿ, ಅಲ್ಲಿನ ಹೆಂಗಸರಿಗೆ ತಮ್ಮ ಕಷ್ಟವನ್ನು ತಾವೇ ನಾಟಕ ಮಾಡುವುದನ್ನು ಕಲಿಸುತ್ತಾರೆ. ತಂಡದ ಯಜಮಾನ್ತಿ ಗಿರಿಜಕ್ಕ ಇಳಿದುಕೊಂಡದ್ದು ನಮ್ಮ ಮನೆಯಲ್ಲೇ. ಊಟಕ್ಕೆ ಕೂತಾಗ, "ಹೋದ ವರ್ಷ ಬಟ್ಟೆ ಒಗೆಯುವ ಕಲ್ಲು ಹೋಯ್ತು ಸರ್, ಈ ವರ್ಷ ಅಡಿಗೆ ಕೋಣೆ" ಎಂದರು. ನಾನು ಅವರಿಗೆ ಉಬ್ಬರವಿಳಿತ ಏಕೆ ಆಗುತ್ತದೆಂದು ವಿವರಿಸಿದೆ. ಪಾಪ, ತಾಳ್ಮೆಯಿಂದ ಕೇಳಿಸಿಕೊಂಡರು. ಶಿಬಿರದಲ್ಲಿ ನನ್ನದೊಂದು ಉಪನ್ಯಾಸ ಇದ್ದರೆ ಹೇಗೆ ಎಂದಾಗ ಮಾತ್ರ, "ಅದನ್ನು ಕಡೆಗೆ ಇಟ್ಟುಕೊಳ್ಳುವ ಮಾರಾಯ್ರೆ" ಎಂದರು. ಆ ಕಡೆ ಇನ್ನೂ ಬಂದಿಲ್ಲ.

ಮರುದಿನ ಶಾಲೆಯ ಜಗಲಿಯ ಮೇಲೆ ಹೆಂಗಸರೆಲ್ಲ ಸೇರಿದರು. ನಮ್ಮ ಗದ್ದೆಗೆ ಕಳೆ ಕೀಳಲು ಬರುವ ಚಿಕ್ಕತಾಯಮ್ಮ ಮೊದಲೇ ಹೇಳಿಬಿಟ್ಟಳು: "ನಮ್ಗೆಲ್ಲವ್ವ ಸಮುದ್ರ? ನಾಲೇಲಿ ನೀರ್ ಬಂದ್ರೆ ಅದೇ ಸಮುದ್ರ. ನಮ್ಮುನ್ನ ತಿಂತಾ ಇರೋದು ಬಿಸ್ಲು ಕಣವ್ವ." ಅಲ್ಲಿಂದ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಗಿರಿಜಕ್ಕ ಗಾಬರಿಯಿಂದ ನನ್ನ ಕಡೆ ಬಗ್ಗಿ, "ಎಂತ ಸರ್, ಜಗಳವಾ?" ಎಂದರು. "ಇಲ್ಲ, ಒಪ್ಪಿಕೊಳ್ತಾ ಇದ್ದಾರೆ" ಎಂದೆ.

ವಿಷಯ ಇಷ್ಟು. ನಮ್ಮಲ್ಲಿ ಕಳೆ ಕೀಳಲು ಹೆಂಗಸರು ಬರುವುದು ಹೊತ್ತೇರಿದ ಮೇಲೆ. ಸಂಜೆಯವರೆಗೆ ಬಗ್ಗಿದ ಸೊಂಟ ಎತ್ತುವಂತಿಲ್ಲ. ಈಗಿನ ಬೇಸಿಗೆ ಹಿಂದಿನ ಬೇಸಿಗೆಯಲ್ಲ. ಈ ಸಲ ಚಿಕ್ಕತಾಯಮ್ಮ ಗದ್ದೆಯಲ್ಲೇ ತಲೆ ತಿರುಗಿ ಬಿದ್ದಿದ್ದಳು. "ಬೆಳಗಿನ್ ಜಾವ್ದಲ್ಲೇ ಬತ್ತೀವಿ, ಮದ್ಯಾನ್ಕೆ ಓಯ್ತೀವಿ ಅಂದ್ರೆ ಒಬ್ರೂ ಒಪ್ಪಾಕಿಲ್ಲ" ಎಂದು ಅವರ ದೂರು. ಬಿದ್ದದ್ದು ಯಾರ ಗದ್ದೆಯಲ್ಲಿ ಎಂದು ಗಿರಿಜಕ್ಕ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವರ ಬೇಡಿಕೆಗೆ ನನ್ನ ತಾತ್ವಿಕ ವಿರೋಧವೇನೂ ಇರಲಿಲ್ಲ. ಅಷ್ಟು ಹೊತ್ತಿಗೆ ಎದ್ದು ಗದ್ದೆಗೆ ಹೋಗುವವರು ಯಾರು ಎಂಬ ಪ್ರಶ್ನೆ ಇತ್ತು, ಅಷ್ಟೆ.

ನಾಟಕಕ್ಕೆ ಸೂರ್ಯ ಬೇಕಾಯಿತು. "ಮೇಷ್ಟ್ರೇ ಆಗ್ಲಿ ಬುಡಿ, ಉದ್ದುಕ್ಕವ್ರೆ" ಎಂದಳು ಚಿಕ್ಕತಾಯಮ್ಮ. ಸೌರಮಂಡಲದಲ್ಲಿ ಸೂರ್ಯನ ಸ್ಥಾನ ನನಗೆ ಗೊತ್ತಿದ್ದರಿಂದ ತಕ್ಷಣ ಒಪ್ಪಿದೆ. ನನ್ನ ಮಾತುಗಳನ್ನು ಬರೆದುಕೊಡಿ ಎಂದೆ. "ಸೂರ್ಯ ಎಂತ ಮಾತಾಡುದು ಸರ್? ಹಾಡು ಮುಗಿದ ಹಾಗೆ ಒಂದೊಂದು ಹೆಜ್ಜೆ ಹತ್ತಿರ ಬಂದ್ರೆ ಸಾಕು" ಎಂದರು ಗಿರಿಜಕ್ಕ.

ನಾಟಕ ಹಾಲಿನ ಡೈರಿಯ ಮುಂದೆ. ಸಂಜೆ ಹಾಲು ಹಾಕಲು ಊರೆಲ್ಲ ಅಲ್ಲಿಗೆ ಬರುತ್ತದೆ. ನಾನು ಪ್ರೇಮಳ ಹಳದಿ ಸೀರೆ ಸುತ್ತಿಕೊಂಡು, ತಲೆಯ ಹಿಂದೆ ಮೊರ ಕಟ್ಟಿಕೊಂಡು ನಿಂತೆ. ಪ್ರೇಮ ಮತ್ತಿತರರು ಬಗ್ಗಿ ಕಳೆ ಕೀಳುತ್ತ ಹಾಡತೊಡಗಿದರು. ಆಗ ಗದ್ದೆಯ ಯಜಮಾನ ಬಂದ. ಬಂದದ್ದು ಚಿಕ್ಕತಾಯಮ್ಮ. ಇಸ್ತ್ರಿಗೆ ಹೋಗಿದೆ ಎಂದು ಪ್ರೇಮ ಹೇಳಿದ್ದ ನನ್ನ ಗೆರೆ ಅಂಗಿ ಅವಳ ಮೈಮೇಲಿತ್ತು. ಛತ್ರಿ ಬಿಡಿಸಿ ಕುರ್ಚಿಯಲ್ಲಿ ಕೂತು, ನಾನು ಕೆಮ್ಮುವ ಹಾಗೆಯೇ ಎರಡು ಸಲ ಕೆಮ್ಮಿ, "ಬಿಸ್ಲಾ? ಎಲ್ಲೈತಮ್ಮ ಬಿಸ್ಲು? ನೋಡು, ಈ ತೆಂಗಿನ್ಕಾಯಿ ಸೂರ್ಯ, ಈ ನಿಂಬೆಹಣ್ಣು ನೀನು" ಎಂದು ಶುರುಮಾಡಿದಳು. ಊರು ಬಿದ್ದು ಬಿದ್ದು ನಕ್ಕಿತು. ನನ್ನ ಹಳೆಯ ವಿದ್ಯಾರ್ಥಿಗಳು ಹೆಚ್ಚು ನಕ್ಕರು. ಉತ್ತರ ಕೊಡೋಣವೆಂದರೆ ಸೂರ್ಯನಿಗೆ ಮಾತಿಲ್ಲ.

ಅಷ್ಟರಲ್ಲಿ ಪ್ರೇಮ ತಲೆ ತಿರುಗಿ ಬಿದ್ದಳು. ಯಜಮಾನ ಛತ್ರಿಯಡಿಯಿಂದಲೇ ಕತ್ತು ಚಾಚಿ, "ಅಯ್ಯೋ, ಆ ಮೂಲೆ ಅಂಗೇ ಉಳ್ಕತ್ತಲ್ಲಾ" ಎಂದ. ನಗು ನಿಂತುಹೋಯಿತು. ಆ ಮಾತು ನಾನು ಆಡಿದ್ದು ನಿಜ. ಆದರೆ ನೀರು ಕುಡಿಸಿದ ಮೇಲೆ ಆಡಿದ್ದು. ನಾಟಕದಲ್ಲಿ ನೀರಿನ ಭಾಗ ಬಿಟ್ಟಿದ್ದರು. "ಮುಂದೆ ಬನ್ನಿ ಸರ್, ಇನ್ನೊಂದು ಹೆಜ್ಜೆ!" ಎಂದು ಮರೆಯಿಂದ ಗಿರಿಜಕ್ಕ ಪಿಸುಗುಟ್ಟಿದರು. ನೆಲದಲ್ಲಿ ಬಿದ್ದಿದ್ದವಳು ನನ್ನ ಹೆಂಡತಿ. ಅವಳು ಕಣ್ಣು ಮುಚ್ಚಿದ ರೀತಿ ನನಗೆ ಸರಿಬರಲಿಲ್ಲ. ಕಾಲು ಮುಂದೆ ಹೋಗಲಿಲ್ಲ. ಒಂದು ಹೆಜ್ಜೆ ಹಿಂದೆ ಹೋಯಿತು. "ಸೂರ್ಯನ್ಗೇ ನಾಚ್ಕೆ ಆಯ್ತು ಕಣ್ಲಾ!" ಎಂದು ಕ್ಯಾನು ಹಿಡಿದ ಯಾರೋ ಕೂಗಿದರು. ಭರ್ಜರಿ ಚಪ್ಪಾಳೆ.

ಹಳದಿ ಸೀರೆಯಲ್ಲಿ ನಿಂತವನಿಗೆ ವಾದ ಮಾಡುವ ಶಕ್ತಿ ಇರುವುದಿಲ್ಲ. "ನಮ್ಮ ಗದ್ದೆಗೆ ನಾಳೆಯಿಂದ ಬೆಳಗಿನ ಜಾವವೇ ಬನ್ನಿ, ಕೂಲಿ ಅಷ್ಟೇ ಇರಲಿ" ಎಂದೆ. ಉಳಿದ ಗದ್ದೆಯವರು ಕೆಲವು ದಿನ ಗೊಣಗಿ, ಆಳು ಸಿಗದೆ ಒಪ್ಪಿಕೊಂಡರು. ಹೊರಡುವಾಗ ಗಿರಿಜಕ್ಕ ಬಸ್ಸಿನ ಮೆಟ್ಟಿಲ ಮೇಲೆ ನಿಂತು, "ನಮ್ಮ ಕಡಲು ಹಾಗೆ ಹಿಂದೆ ಸರಿಯುದಿಲ್ಲ ಸರ್" ಎಂದರು. ಈ ಸಲ ನಾನು ಉಬ್ಬರವಿಳಿತ ವಿವರಿಸಲು ಹೋಗದೆ ಅವರ ಚೀಲ ಎತ್ತಿಕೊಟ್ಟೆ.

ಹೊಸ ಪದ್ಧತಿ ಗದ್ದೆಗಷ್ಟೇ ನಿಂತುಬಿಡುತ್ತದೆಂದು ನಾನು ತಿಳಿದಿದ್ದೆ. ಮುಂದಿನ ವಾರ ಪ್ರೇಮ, "ನಮ್ಮ ಅಡಿಗೆಮನೆ ಶೀಟಿನದು, ಗದ್ದೆಗಿಂತ ಕಾಯುತ್ತೆ. ಇನ್ಮೇಲೆ ಮಧ್ಯಾಹ್ನದ ಊಟ ಆದಮೇಲೆ ಹೊತ್ತು ಇಳಿಯೋವರ್ಗೂ ಒಲೆ ಹಚ್ಚಲ್ಲ ಕಣ್ರೀ" ಎಂದಳು. ಹಾಗಾದರೆ ಮೂರು ಗಂಟೆಯ ಕಾಫಿ? "ಡಿಕಾಕ್ಷನ್ ಇದೆ, ಹಾಲಿದೆ, ನೀವಿದೀರ" ಎಂದಳು. ಒಂದು ವಾರ ಆ ಶೀಟಿನಡಿ ನಿಂತು ನಾನೇ ಕಾಯಿಸಿಕೊಂಡೆ. ಮಧ್ಯಾಹ್ನದ ಕಾಫಿ ಆರೋಗ್ಯಕ್ಕೆ ಒಳ್ಳೆಯದಲ್ಲ ಎಂದು ಈಗ ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ.