ದಿಂಬಿನ ಕೆಳಗಿನ ರಾಡು

ನಾನು ಹೆದರಿ ಬೆವರುತ್ತಿರುವಾಗಲೇ ಯಾರಾದರೊಬ್ಬರು ಬಂದು ನಗಿಸಿಬಿಡುತ್ತಾರೆ. ಈ ಸೊಂಟದ ವಿಷಯದಲ್ಲಂತೂ ಅದು ನಿಂತದ್ದೇ ಇಲ್ಲ.

ಬಿದ್ದದ್ದು

ಅರಸೀಕೆರೆಯಲ್ಲಿ ಕೆಮಿಸ್ಟ್ರಿ ಪಾಠ ಹೇಳಿ ನಿವೃತ್ತನಾದವನು ನಾನು. ನೆಂಟರಿಗೆ ಹಳೇಬೀಡಿನ ಗುಡಿ ತೋರಿಸುತ್ತಾ, ಮಾತಿನ ಭರದಲ್ಲಿ ಹಿಂದು ಹಿಂದಕ್ಕೇ ನಡೆದು ಗುಡಿ ಸುತ್ತಲಿನ ಎತ್ತರದ ಜಗತಿಕಟ್ಟೆಯಿಂದ ಕೆಳಗುರುಳಿದೆ. ಸೊಂಟದ ಮೂಳೆ ಮುರಿಯಿತು. ಹೆಂಡತಿಯ ತಮ್ಮ ಬಗ್ಗಿ ಕೇಳಿದ: "ಭಾವ, ಆ ಆನೆ ಸಾಲಿನ ವಿಷಯ ಅರ್ಧಕ್ಕೇ ನಿಲ್ಲಿಸಿದ್ರಲ್ಲಾ?" ನರಳುತ್ತಲೇ ಪೂರ್ತಿ ಹೇಳಿದೆ. ಆಂಬುಲೆನ್ಸ್ ಬಂದು ಕಾಯುತ್ತಿತ್ತು.

ಎರಡು ದಾರಿ

ರಾಡು, ಸ್ಕ್ರೂ ಹಾಕಿದರು. ಕೆಲವು ತಿಂಗಳಾದ ಮೇಲೆ ಕಾಲೂರಿದರೆ ಪ್ರಾಣ ಹೋಗುವಂಥ ನೋವು. ಡಾಕ್ಟರು ಎಕ್ಸ್‌ರೇ ಹಿಡಿದು, "ಮೂಳೆ ಕೂಡಿಲ್ಲ ಸಾರ್. ಸ್ಕ್ರೂ ಮೂಳೆ ಸೀಳಿಕೊಂಡು ಕೀಲಿನೊಳಗೆ ನುಗ್ಗಿದೆ. ಹೊಸ ರಾಡು ಹಾಕಬಹುದು, ಆದರೆ ನಿಮ್ಮದು ಟೊಳ್ಳು ಮೂಳೆ, ಹಿಡಿಯುತ್ತೋ ಇಲ್ಲವೋ. ಇಲ್ಲಾ, ಎಲ್ಲ ತೆಗೆದು ಕೀಲನ್ನೇ ಬದಲಾಯಿಸಬೇಕು. ಅದು ದೊಡ್ಡ ಆಪರೇಷನ್, ಎದೆ ತಡೀಬೇಕು" ಎಂದರು.

"ಏನೂ ಮಾಡದಿದ್ರೆ?"

"ಹಾಸಿಗೇಲೇ ಇರ್ತೀರಿ."

ಹೆಂಡತಿ ಮುಂದೆ ಬಂದಳು: "ಇವರು ದಿನವೆಲ್ಲಾ ಮನೇಲೇ ಮಲಗಿ ಮಾತಾಡಿದ್ರೆ ಎದೆ ತಡೀಬೇಕಾದ್ದು ನಂದು ಡಾಕ್ಟ್ರೇ. ಕೀಲೇ ಬದಲಾಯಿಸಿ."

ಧೈರ್ಯ ಹೇಳಲು ಬಂದವನು

ಆಪರೇಷನ್ನಿನ ಹಿಂದಿನ ದಿನ ಹಗರೆಯಿಂದ ಹಳೇ ಶಿಷ್ಯನೊಬ್ಬ ಬಂದ. "ಹೆದರ್ಬ್ಯಾಡಿ ಸಾ, ನಮ್ ದೊಡ್ಡಪ್ಪಂಗೂ ಇದೇ ಮಾಡಿದ್ದು."

ಜೀವ ಬಂದಂತಾಯಿತು. "ಈಗ ಹೇಗಿದಾರಪ್ಪಾ?"

"ಮರೆತ್ಬುಟ್ರಾ ಸಾ? ತಿಥಿಗೆ ಬಂದು ವಡೆ ಚೆನ್ನಾಗೈತೆ ಅಂತ ಇನ್ನೊಂದ್ಸಲ ಹಾಕಿಸ್ಕಂಡ್ರಲ್ಲಾ!"

ಕಬ್ಬಿಣ

ಹೆದರಿದವರ ದಿಂಬಿನ ಕೆಳಗೆ ಕಬ್ಬಿಣ ಇಡುವುದು ನಮ್ಮ ಕಡೆಯ ರೂಢಿ. ದೆವ್ವ ಹತ್ತಿರ ಸುಳಿಯುವುದಿಲ್ಲವಂತೆ. ಆಪರೇಷನ್ ಮುಗಿದು ಬದುಕಿ ಕಣ್ಣುಬಿಟ್ಟೆನಲ್ಲ, ಮಾರನೆಯ ದಿನ ಡಾಕ್ಟರು "ಎದ್ದು ನಿಲ್ಲಿ" ಎಂದರು. ಈ ಹೊಸ ಕೀಲೂ ಕಿತ್ತುಕೊಂಡು ಬಂದರೆ?

"ನಿಲ್ರೀ, ಕಬ್ಬಿಣ ಇಟ್ಟಿದೀನಿ" ಎಂದಳು ಹೆಂಡತಿ.

ಕಣ್ಣುಮುಚ್ಚಿ, ವಾಕರ್ ಹಿಡಿದು ಎದ್ದೆ. ನೋವಿತ್ತು. ಆದರೆ ಕಾಲು ನನ್ನನ್ನು ಹೊತ್ತಿತು ಕಣ್ರೀ!

ಡಾಕ್ಟರು ಕುತೂಹಲಕ್ಕೆ ದಿಂಬು ಎತ್ತಿದರು. ನನ್ನೊಳಗಿಂದ ತೆಗೆದು, ತೊಳೆದು ಕೊಟ್ಟಿದ್ದ ಹಳೇ ರಾಡು! "ಅಮ್ಮಾ, ಇದು ಕಬ್ಬಿಣ ಅಲ್ಲ, ಟೈಟಾನಿಯಂ."

ಅವಳು ರಾಡನ್ನು ಮತ್ತೆ ದಿಂಬಿನಡಿ ತಳ್ಳಿದಳು. "ಜೀವಮಾನವೆಲ್ಲಾ ಕೆಮಿಸ್ಟ್ರಿ ಹೇಳಿದ ಇವರಿಗೇ ಗೊತ್ತಾಗಲಿಲ್ಲ, ದೆವ್ವಕ್ಕೆ ಗೊತ್ತಾಗುತ್ತಾ?"